ಹೈಪರ್ ಅಲ್ಲ, ಹೈಪೊ

ಪುಂಜಾಲಕಟ್ಟೆಯ ನನ್ನ ದೊಡ್ಡಮ್ಮ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಮೊರವಿಟ್ಟುಕೊಂಡು ಕುಳಿತರೆ ಮಧ್ಯಾಹ್ನದ ಊಟದವರೆಗೆ ಏಳುವುದಿಲ್ಲ. ಕೆಲವು ವರ್ಷಗಳ ಹಿಂದೆ, ಎದ್ದಾಗಲೆಲ್ಲ ಅವರಿಗೆ ಕಣ್ಣು ಕತ್ತಲೆ ಬರತೊಡಗಿತು. ಊರಲ್ಲೊಂದು ಆರೋಗ್ಯ ಶಿಬಿರ ನಡೆದಾಗ ಹೋಗಿ ಚೀಟಿ ಬರೆಸಿಕೊಂಡು ಬಂದರು. ಆ ಗದ್ದಲದಲ್ಲಿ ಏನೆಂದು ಕೇಳುವುದಕ್ಕೆ ಆಗಿರಲಿಲ್ಲವಂತೆ.

"ನೀನು ಮಾಸ್ಟ್ರಲ್ವಾ, ಓದಿ ಹೇಳು."

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಆ ಗೀಚು ಇಂಗ್ಲಿಷನ್ನು ಧೈರ್ಯವಾಗಿ 'ಹೈಪರ್‌ಟೆನ್ಶನ್' ಎಂದು ಓದಿದೆ. ಪಕ್ಕದ ಅಂಕಿಗಳತ್ತ ನೋಡಲೇ ಇಲ್ಲ.

"ಬಿಪಿ ಉಂಟು ದೊಡ್ಡಮ್ಮ. ಉಪ್ಪು ಬಿಡ್ಬೇಕು."

ಅಂದಿನಿಂದಲೇ ಗಂಜಿಗೆ ಉಪ್ಪು ನಿಂತಿತು, ಉಪ್ಪಿನಕಾಯಿಯೂ ನಿಂತಿತು. ಮೂರನೆಯ ವಾರ ಅವರು ಬಾವಿಯ ಬಳಿ ಕುಸಿದು ಬಿದ್ದು ಮೊಣಕೈ ತರಚಿಕೊಂಡರು.

ಬಿ.ಸಿ.ರೋಡಿನ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಅವರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ಆಮೇಲೆ ಹಳೆಯ ಚೀಟಿ ಕೇಳಿದರು. 'ಹೈಪರ್‌ಟೆನ್ಶನ್, ಹಾಗಾಗಿ ಉಪ್ಪು ಬಿಟ್ಟಿದ್ದಾರೆ' ಎನ್ನುತ್ತಾ ಕೊಟ್ಟೆ.

"ಇದು ಹೈಪರ್ ಅಲ್ಲ ಮಾಸ್ಟ್ರೇ, ಹೈಪೊ. ಇವರದ್ದು ಲೋ ಬಿಪಿ. ಉಪ್ಪು ಬಿಡ್ಲಿಕ್ಕೆ ಹೇಳಿದ್ದು ಯಾರು?"

ದೊಡ್ಡಮ್ಮ ನನ್ನ ಕಡೆ ನೋಡದೆ, "ನಾನೇ ಬಿಟ್ಟದ್ದು ಡಾಕ್ಟ್ರೇ" ಎಂದರು. ಮತ್ತೆ ಕೇಳಿದರು: "ಆದ್ರೆ ನನಗೆ ಟೆನ್ಶನ್ ಎಂತದ್ದೂ ಇಲ್ಲವಲ್ಲ?"

ವೈದ್ಯರು ನಕ್ಕರು. "ಅದು ಮನಸ್ಸಿನ ಟೆನ್ಶನ್ ಅಲ್ಲಮ್ಮ. ರಕ್ತ ಹರಿಯುವಾಗ ಇರುವ ಒತ್ತಡ. ಹೈಪೊ ಅಂದ್ರೆ ಕೆಳಗೆ, ಕಡಿಮೆ. ತುಂಬ ಹೊತ್ತು ಕೂತು ಫಕ್ಕನೆ ಎದ್ದರೆ ರಕ್ತ ಕಾಲಿನ ಕಡೆಗೇ ಇಳೀತದೆ, ತಲೆಗೆ ಸಾಕಾಗುವುದಿಲ್ಲ. ನಡುನಡುವೆ ಏಳಿ, ನಿಧಾನ ಏಳಿ. ನೀರು ಕುಡೀರಿ. ಉಪ್ಪು ಮೊದಲಿನ ಹಾಗೆ ಹಾಕಿಕೊಳ್ಳಿ."

ಬಸ್ಸಿನಲ್ಲಿ ನಾನು ತಪ್ಪಾಯಿತು ಎಂದೆ. ಅವರಿಗೆ ಬೇರೆಯೇ ಯೋಚನೆ.

"ಬಿಪಿ ಉಂಟು ಅಂದ್ರೆ ಎಲ್ಲರೂ ಜಾಸ್ತಿ ಅಂತಲೇ ತಿಳ್ಕೊಳ್ತಾರಲ್ಲ. ಕಡಿಮೆ ಇದ್ದವರು ಎಂತ ಹೇಳುವುದು?"

ಮನೆಗೆ ಬಂದು ನಿಘಂಟು ತೆರೆದೆ. 'ಅಲ್ಪ ರಕ್ತದೊತ್ತಡ' ಎಂದಿತ್ತು. ಮರುದಿನ ಹೇಳಿಕೊಟ್ಟೆ. ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು.

"ಇದನ್ನು ಹೇಳಿ ಮುಗಿಸುವಾಗ ನಾನು ಬಿದ್ದಾಗಿರ್ತದೆ ಮಾರಾಯ!"

ಅವರು ತುಳುವಿನ 'ತರೆ ತಿರ್ಗುಂಡು', ತಲೆ ತಿರುಗುತ್ತದೆ ಎಂಬುದನ್ನೇ ಉಳಿಸಿಕೊಂಡರು. ಈಗ ಬೀಡಿ ಕಟ್ಟುತ್ತಾ ಆಗಾಗ ಎದ್ದು, ಗೋಡೆ ಹಿಡಿದು ನಿಂತು, ಆಮೇಲೆ ಹೆಜ್ಜೆ ಇಡುತ್ತಾರೆ. ಮತ್ತೆ ಬಿದ್ದಿಲ್ಲ.