ಧೂಳಿಗೊಂದು ನೀಲಿ ಚೀಲ

ನನ್ನ ಹೆಂಡತಿ ತನ್ನ ನೀಲಿ ಕ್ಯಾನ್ವಾಸ್ ಚೀಲಕ್ಕೆ ನಾಲ್ಕು ಸೀರೆ, ಕನ್ನಡಕ, ಉಬ್ಬಸದ ಪಂಪು ತುಂಬಿಕೊಂಡು ಪಾವಗಡದ ಬಸ್ಸು ಹತ್ತಿದ ದಿನ ನಮ್ಮಿಬ್ಬರಿಗೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಜಗಳವಾದರೆ ರಾಜಿ ಮಾಡಿಕೊಳ್ಳಬಹುದು, ಉಬ್ಬಸದ ಜೊತೆ ಏನು ರಾಜಿ?

"ಕೆಲ್ಸ ಬುಡಿ ಅಂತ ನಾನ್ ಹೇಳಲ್ಲ," ಅಂದಳು ಬಸ್‌ಸ್ಟ್ಯಾಂಡಿನಲ್ಲಿ. "ಆದ್ರೆ ಆ ದುಮ್ಮಲ್ಲಿ ನನ್ ಕೈಲಿ ಇರಕ್ಕಾಗಲ್ಲ." ಪಾವಗಡ ಅವಳ ತವರು. ಮದುವೆಯಾಗಿ ಮೂವತ್ತು ವರ್ಷವಾದರೂ ಧೂಳಿಗೆ ತೆಲುಗಿನಲ್ಲಿ ದುಮ್ಮು ಅನ್ನುವುದನ್ನು ಬಿಟ್ಟಿಲ್ಲ.

ನಮ್ಮ ಮನೆ ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ. ಮನೆಗೆ ಅಂಟಿಕೊಂಡ ಹಳೆಯ ಕೊಟ್ಟಿಗೆಯೇ ನನ್ನ ಮರಗೆಲಸದ ಕೋಣೆ. ಬಾಗಿಲು, ಕಿಟಕಿ, ದೇವರ ಮಂಟಪ ಮಾಡುತ್ತೇನೆ. ಅಪ್ಪನ ಕಾಲದಲ್ಲಿ ಕೈಯಲ್ಲೇ ಕೀಸುತ್ತಿದ್ದುದರಿಂದ ಸುರುಳಿ ಸುರುಳಿ ಹೊಟ್ಟು ಬೀಳುತ್ತಿತ್ತು, ಅಮ್ಮ ಅದನ್ನು ಬಚ್ಚಲೊಲೆಗೆ ಹಾಕುತ್ತಿದ್ದಳು. ನಾನು ಉಜ್ಜುವ ಮಷೀನು ತಂದೆ. ಅದರಿಂದ ಬೀಳುವುದು ಹೊಟ್ಟಲ್ಲ, ಹಿಟ್ಟು. ನಡುಮನೆಯ ಬಾಗಿಲು ದಾಟಿ ಸಕ್ಕರೆ ಡಬ್ಬಿಯ ಮೇಲೂ ಹೋಗಿ ಕೂರುತ್ತದೆ.

ಅದಕ್ಕೆ ನಾನು ಕಂಡುಹಿಡಿದ ಮದ್ದು ನೀರು. ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿದರೆ ಧೂಳು ಅಡಗುವುದಿಲ್ಲವೇ? ನಾನೂ ದಿನಕ್ಕೆರಡು ಸಲ ಚೊಂಬು ಹಿಡಿದು ಕೋಣೆಯೆಲ್ಲ ಚಿಮುಕಿಸುತ್ತಿದ್ದೆ, ದೊಡ್ಡ ಬುದ್ಧಿವಂತನ ಹಾಗೆ. ಒಂದು ಹಲಸಿನ ಹಲಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಉಳಿಗಳಿಗೆ ತುಕ್ಕು ಬಂತು. ಹಾಳಾಗಿ ಹೋಗಲಿ, ಅದಲ್ಲ ವಿಷಯ. ನಮ್ಮ ಮನೆಯಲ್ಲಿ ಆಯುಧಗಳಿರುವ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಪೂಜೆ ಮಾಡುವ ಉಳಿ ಬಾಚಿಗಳ ಮುಂದೆ ಚಪ್ಪಲಿ ಮೆಟ್ಟಿ ನಿಲ್ಲುವುದೇ ಎಂದು ಅಪ್ಪ ಗದರುತ್ತಿದ್ದರು. ಹಾಗಾಗಿ ನಾನೂ ಬರಿಗಾಲು. ಒದ್ದೆ ಹಿಟ್ಟು ಅಂಗಾಲಿಗೆ ಮೆತ್ತಿಕೊಂಡು ಊಟಕ್ಕೆ, ಕಾಫಿಗೆ, ಮಲಗುವುದಕ್ಕೆ ಎಂದು ನನ್ನ ಜೊತೆಗೇ ಒಳಗೆ ಬರುತ್ತಿತ್ತು. ಒಣಗಿದ ಮೇಲೆ ಅವಳು ಗುಡಿಸುತ್ತಿದ್ದಳು, ಅದು ಎದ್ದು ನೇರ ಅವಳ ಎದೆಗೆ ಹೋಗುತ್ತಿತ್ತು.

ಇದು ನನಗೆ ತಿಳಿದದ್ದು ಅವಳು ಹೋಗಿ, ಪೊರಕೆ ನನ್ನ ಕೈಗೆ ಬಂದ ಮೇಲೆ. ಅವಳ ಹಾಸಿಗೆಯ ಪಕ್ಕದ ನೆಲದಲ್ಲಿ ನನ್ನವೇ ಹೆಜ್ಜೆಗುರುತುಗಳು ಒಣಗಿ ಹಳದಿಯಾಗಿ ಕೂತಿದ್ದವು. ನಾಚಿಕೆಯಾಯಿತು. ಇಷ್ಟು ವರ್ಷ ನಾನು ಆಷಾಢದ ಗಾಳಿಯನ್ನು ಬೈದುಕೊಂಡು ಓಡಾಡಿದ್ದೆ.

ದಿನಾ ಫೋನು ಮಾಡುತ್ತಿದ್ದೆ. "ಹೆಂಗಿದ್ದೀಯ?" ಎಂದರೆ, "ಚೆನ್ನಾಗಿದ್ದೀನಿ, ಪಂಪು ಮುಟ್ಟೇ ಇಲ್ಲ" ಅನ್ನುತ್ತಿದ್ದಳು. ಒಳ್ಳೆಯ ಸುದ್ದಿಯೇ. ಆದರೂ ನನ್ನಿಂದ ದೂರವಿದ್ದರೆ ಮಾತ್ರ ನನ್ನ ಹೆಂಡತಿ ನೆಮ್ಮದಿಯಾಗಿ ಉಸಿರಾಡುತ್ತಾಳೆ ಅನ್ನುವುದು ಯಾವ ಗಂಡನಿಗೂ ಹಿತವಾದ ಮಾತಲ್ಲ.

ಆ ತಿಂಗಳೇ ಶಿರಾದ ಒಂದು ಕಡಲೆಕಾಯಿ ಮಿಲ್ಲಿಗೆ ಬಾಗಿಲು ಕೂರಿಸಲು ಹೋಗಿದ್ದೆ. ಕಾಯಿ ಸುಲಿಯುವ ಮಷೀನು ಓಡುತ್ತಿತ್ತು, ಸಿಪ್ಪೆಯೆಲ್ಲ ಒಂದು ಪೈಪಿನಲ್ಲಿ ಹೊರಗೆ ಹೋಗುತ್ತಿತ್ತು. ಮಿಲ್ಲಿನ ಮೇಸ್ತ್ರಿ ಅದರ ಪಕ್ಕದಲ್ಲೇ ಕೂತು ಆರಾಮವಾಗಿ ಚಹಾ ಕುಡಿಯುತ್ತಿದ್ದ. ನನ್ನ ಕಷ್ಟ ಹೇಳಿಕೊಂಡೆ. ನೀರಿನ ಚೊಂಬಿನ ಕತೆ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ.

"ಧೂಳನ್ನ ಅದು ಹುಟ್ಟೋ ಬಾಯಲ್ಲೇ ಹಿಡೀಬೇಕು ಭಾಯ್," ಅಂದ. "ರೂಮೆಲ್ಲಾ ಹರಡಿದ್ಮೇಲೆ ಬಿಲ್ಕುಲ್ ಆಗಲ್ಲ."

ಮಿಲ್ಲಿನ ಹಳೆಯ ಬ್ಲೋವರನ್ನು ಹೊತ್ತುಕೊಂಡು ಭಾನುವಾರ ಅವನೇ ಬಂದ. ಉಜ್ಜುವ ಮಷೀನಿನ ಬಾಯಿಗೇ ಪೈಪು ಸೇರಿಸಿದೆವು. ಅದು ಎಳೆದುಕೊಂಡ ಪುಡಿ ಗೋಡೆಯಾಚೆ ಹಿತ್ತಲಿನ ಡ್ರಮ್ಮಿಗೆ ಬೀಳುತ್ತದೆ, ಗಾಳಿಯಲ್ಲಿ ಉಳಿಯುವ ನಯವಾದ ಹಿಟ್ಟು ಡ್ರಮ್ಮಿನ ಮೇಲೆ ಕಟ್ಟಿದ ಬಟ್ಟೆಯ ಚೀಲದಲ್ಲಿ ನಿಲ್ಲುತ್ತದೆ. ಆಮೇಲೆ ನಾನು ನಡುಮನೆಯ ಕಡೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟೆ. ಹಿತ್ತಲಿಗೆ ಹೊಸ ಬಾಗಿಲು ಇಟ್ಟು, ಅಲ್ಲೇ ಕಾಲು ತೊಳೆಯಲು ಒಂದು ಕಲ್ಲು ಹಾಕಿದೆ.

ಇನ್ನು ನೆಲ. ಚಪ್ಪಡಿ ಕಲ್ಲಿನ ಮೇಲೆ ದಿನವಿಡೀ ಬರಿಗಾಲಲ್ಲಿ ನಿಂತು ನನ್ನ ಹಿಮ್ಮಡಿಗಳು ಕೆಟ್ಟುಹೋಗಿದ್ದವು. ಸಂದುಗಳಲ್ಲಿ ಕೂತ ಹಿಟ್ಟು ಯಾವ ಪೊರಕೆಗೂ ಬಗ್ಗುತ್ತಿರಲಿಲ್ಲ. ತೋವಿನಕೆರೆಯಲ್ಲಿ ಹಸು ಕಟ್ಟಿರುವ ಹಳೆಯ ಸ್ನೇಹಿತನೊಬ್ಬನಿದ್ದಾನೆ. ಅವನ ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿಗೆ ದಪ್ಪ ರಬ್ಬರ್ ಮ್ಯಾಟು ಹಾಸಿದ್ದ. ಅದರ ಮೇಲೆ ನಿಂತೆ. ಇಳಿಯುವ ಮನಸ್ಸಾಗಲಿಲ್ಲ.

"ಹಸುಗೆ ಮಂಡಿ ನೋಯಬಾರ್ದು ಅಂತ ಹಾಕಿರೋದು ಕಣ್ಲಾ," ಅಂದ ಅವನು. "ನೀನ್ ನೋಡುದ್ರೆ ಕಲ್ಲ್ ಮ್ಯಾಲ್ ನಿಂತ್ಕಂಡು ಸಾಯ್ತಿದ್ದೀಯ. ನಮ್ ಹಸುಗಿರೋ ಯೋಗ ನಿಂಗಿಲ್ವಲ್ಲಾ."

ಅಂಥವೇ ಮ್ಯಾಟು ತಂದು, ಗೀರುಗಳಿರುವ ಮುಖ ಕೆಳಗೆ ಮಾಡಿ ಹಾಸಿದೆ. ನುಣ್ಣನೆಯ ಮುಖ ಮೇಲಿದ್ದರೆ ಪೊರಕೆಯ ಒಂದೇ ಏಟಿಗೆ ಎಲ್ಲ ಹೋಗುತ್ತದೆ. ಆಮೇಲೆ ಪಾವಗಡಕ್ಕೆ ಫೋನು ಮಾಡಿ, "ಒಂದ್ಸಲ ಬಂದ್ ನೋಡು" ಅಂದೆ.

ಬಂದಳು. "ಎಂಟ್ ದಿನ ಇದ್ದು ನೋಡ್ತೀನಿ" ಎಂದು ನೀಲಿ ಚೀಲವನ್ನು ಟ್ರಂಕಿನ ಮೇಲೆ ಇಟ್ಟಳು. ಒಳಗಿನ ಸೀರೆ ತೆಗೆದು ಬೀರುವಿಗೆ ಇಡಲಿಲ್ಲ. ಬೇಕಾದಾಗ ಒಂದು ತೆಗೆಯುವುದು, ಒಗೆದು ಮಡಿಸಿ ಮತ್ತೆ ಚೀಲಕ್ಕೇ ಇಡುವುದು. ನಾನು ಕಂಡೂ ಕಾಣದವನ ಹಾಗಿದ್ದೆ. ಕಾಲು ತೊಳೆದು ಕೋಣೆಯೊಳಗೆ ಬಂದು ಮ್ಯಾಟಿನ ಮೇಲೆ ನಿಂತು, "ರಬ್ಬರ್ ಚಪ್ಪಲಿ ಹಾಕಿದ್ರೆ ತಪ್ಪು, ರಬ್ಬರ್ ಮೇಲ್ ನಿಂತ್ರೆ ತಪ್ಪಲ್ವಾ?" ಎಂದು ಕೆಣಕಿದಳು.

"ಅದು ನೆಲ ಕಣೇ," ಅಂದೆ.

ಕೆಲಸದ ನಡುನಡುವೆ ಮಷೀನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಒಗ್ಗರಣೆಯ ಸದ್ದು, ಪಕ್ಕದ ಮನೆಯವರ ಜೊತೆ ಮಾತು. ಕೆಮ್ಮಿಲ್ಲ. ಎಂಟು ದಿನ ಕಳೆದವು, ಒಂಬತ್ತಾಯಿತು. ಅವಳು ಹೊರಡುವ ಮಾತೆತ್ತಲಿಲ್ಲ. ಕೇಳಿದರೆ ಎಲ್ಲಿ ನೆನಪಾಗಿಬಿಡುತ್ತದೋ ಎಂದು ನಾನೂ ಬಾಯಿ ಬಿಡಲಿಲ್ಲ.

ಹತ್ತನೆಯ ದಿನ ಹಿತ್ತಲಿನ ಧೂಳಿನ ಚೀಲ ಹೊಲಿಗೆ ಬಿಟ್ಟು ಹರಿಯಿತು. ತೆಳು ಬಟ್ಟೆ, ನಾನೇ ಅವಸರದಲ್ಲಿ ಹೊಲಿದದ್ದು. ಬಾಗಿಲು ಕಿಟಕಿ ಎಲ್ಲ ಹಾಕಿಕೋ ಎಂದು ಅವಳಿಗೆ ಕೂಗಿ ಹೇಳಿ ಮಷೀನು ನಿಲ್ಲಿಸಿ ತಲೆಯ ಮೇಲೆ ಕೈ ಹೊತ್ತು ಕೂತೆ. ಮುಗಿಯಿತು, ಮತ್ತೆ ಪಾವಗಡದ ಬಸ್ಸು ಅಂದುಕೊಂಡೆ. ಒಳಗೆ ಹೊಲಿಗೆ ಮಷೀನಿನ ಸದ್ದು ಕೇಳಿತು. ಅರ್ಧ ಗಂಟೆಯ ಮೇಲೆ ಅವಳು ಮೂಗಿಗೆ ಸೆರಗು ಸುತ್ತಿಕೊಂಡು ಹಿತ್ತಲಿಗೆ ಬಂದಳು. ಕೈಯಲ್ಲಿ ಅದೇ ನೀಲಿ ಕ್ಯಾನ್ವಾಸು. ಹಿಡಿ ಬಿಚ್ಚಿ, ಜಿಪ್ಪು ಕಿತ್ತು, ಬಾಯಿಗೆ ದಾರ ಪೋಣಿಸಿದ್ದಳು.

"ಗಟ್ಟಿ ಬಟ್ಟೆ. ಇದಾದ್ರೆ ತಡ್ಕಂತದೆ," ಅಂದಳು.

"ಸೀರೆಗಳು?"

"ಬೀರುಗಿಟ್ಟೆ."

ಚೀಲ ಕಟ್ಟಿ ಬ್ಲೋವರ್ ಹಾಕಿದೆ. ನೀಲಿ ಚೀಲ ಗಾಳಿ ತುಂಬಿಕೊಂಡು ನೆಟ್ಟಗೆ ನಿಂತಿತು. ಎಷ್ಟೋ ದಿನದಿಂದ ಹಿಡಿದುಕೊಂಡಿದ್ದ ನನ್ನ ಉಸಿರೂ ಆಗಲೇ ಸಡಿಲವಾದದ್ದು. ಇನ್ನು ಅವಳು ತವರಿಗೆ ಹೋಗಬೇಕಾದರೆ ಬೇರೆ ಚೀಲ ಬೇಕು. ನಾನಂತೂ ತಂದುಕೊಡುವುದಿಲ್ಲ.