ಅಧ್ಯಕ್ಷೆಯ ದನಿ

ನನ್ನ ಗಂಟಲೊಳಗೆ ಅರ್ಧ ಜಿಲ್ಲೆ ವಾಸವಾಗಿದೆ. ಗೋಕಾಕದ ಕಂಡಕ್ಟರು, ಮೂಡಲಗಿ ಸಂತೆಯಲ್ಲಿ ದನ ಮಾರುವವರು, ಹುಕ್ಕೇರಿಯ ಭಾಷಣಕಾರರು, ಯಾರ ದನಿ ಬೇಕು ಹೇಳಿ, ಮಾಡಿ ತೋರಿಸುತ್ತೇನೆ. ಸ್ವಂತ ದನಿ ಮಾತ್ರ ಮರಿ ಕಳೆದುಕೊಂಡ ಆಡಿನಂತಿರುವುದರಿಂದ ಅದನ್ನು ಮನೆಯಲ್ಲಷ್ಟೇ ಬಳಸುತ್ತೇನೆ.

ಮೊನ್ನೆ ನಮ್ಮೂರ ಶಾಲೆಯ ಕಾರ್ಯಕ್ರಮದಲ್ಲಿ ಯಾರೋ ಕೂಗಿದರು: "ಪಂಚಾಯ್ತಿ ಅಧ್ಯಕ್ಷರದ್ದ ಮಾಡಲೇ." ಅಧ್ಯಕ್ಷೆ ನಮ್ಮ ಕಾಕು, ಚಿಕ್ಕಪ್ಪನ ಹೆಂಡತಿ. ನಾನು ಹೊಟ್ಟೆ ಮುಂದೆ ಮಾಡಿ, ಕೆಮ್ಮಿ, "ಅದನ್ನೆಲ್ಲಾ ನಾ ನೋಡ್ಕೋತೇನ್ರಿ" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಕಾಕು ನಗಲಿಲ್ಲ.

"ಅದು ನಿಮ್ಮ ಕಾಕಾನ ದನಿ ಆತಲ್ಲೋ. ನಂದೊಂದ ಮಾಡಿ ತೋರ್ಸು."

ಗಂಟಲೆಲ್ಲ ತಡಕಾಡಿದೆ, ಸಿಗಲಿಲ್ಲ. ಸಿಗುವುದಾದರೂ ಹೇಗೆ? ಸಭೆಗಳಲ್ಲಿ ಮಾತು ಕಾಕಾನದು, ಸಹಿಯಷ್ಟೇ ಕಾಕುವಿನದು.

ಹೆಂಗಸರಿಗೆ ರಾಜಕೀಯದಲ್ಲಿ ಆಸಕ್ತಿ ಕಡಿಮೆ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ; ಹೆಚ್ಚಿನವರಿಗೆ ಮೀಸೆ ಇರುತ್ತದೆ. ನ್ಯೂಜಿಲೆಂಡಿನ ಹೆಂಗಸರು ಬೇರೆ ದೇಶದವರಿಗಿಂತ ಮೊದಲೇ ವೋಟು ಗಿಟ್ಟಿಸಿದರು. ಗಡಿಯಾರಕ್ಕೆ ಹೆಸರಾದ ಸ್ವಿಟ್ಜರ್ಲೆಂಡಿಗೆ ಈ ವಿಷಯದಲ್ಲಿ ಮಾತ್ರ ಹೊತ್ತು ತಿಳಿಯಲಿಲ್ಲ, ನಮ್ಮವರಿಗಿಂತಲೂ ತಡವಾಗಿ ಕೊಟ್ಟಿತು. ರುವಾಂಡಾದ ಸಂಸತ್ತಿನಲ್ಲಿ ಗಂಡಸರೇ ಕಡಿಮೆ. ಇದನ್ನೆಲ್ಲ ಪ್ರೊಫೆಸರರ ದನಿಯಲ್ಲಿ ಕಾಕುವಿಗೆ ಒಪ್ಪಿಸಿದೆ.

"ಅಲ್ಲಿ ಗಂಡಂದಿರು ಎಲ್ಲಿ ಕುಂಡರ್ತಾರ?" ಎಂದರು. ಪ್ರೊಫೆಸರನ್ನು ಗಂಟಲೊಳಕ್ಕೆ ವಾಪಸು ಕಳಿಸಿದೆ.

ಕಾಕುವಿನ ತಲೆಯಲ್ಲಿದ್ದದ್ದು ಊರಿಗೆ ಮಂಜೂರಾದ ಹೊಸ ನೀರಿನ ಟಾಕಿ. ಕಾಕಾನಿಗೆ ಅದು ಪಂಚಾಯ್ತಿ ಎದುರು, ಬಂದುಹೋಗುವವರಿಗೆ ಕಾಣುವಂತೆ ನಿಲ್ಲಬೇಕು. ಕಾಕುವಿಗೆ ಅದು ಮೇಲಿನ ಓಣಿಯಲ್ಲೇ ಬೇಕು. ಅಲ್ಲಿಯ ಹೆಂಗಸರು ದಿನಾ ದಿನ್ನೆ ಹತ್ತಿ ಇಳಿದು ಕೊಡ ಹೊರುತ್ತಾರೆ. ತೀರ್ಮಾನ ಗ್ರಾಮಸಭೆಯಲ್ಲಿ.

ಸಭೆಯ ದಿನ ಅಧ್ಯಕ್ಷೆಯ ಪಕ್ಕದ ಕುರ್ಚಿಯಿಂದ ಕಾಕಾ ಎಂದಿನಂತೆ ಎದ್ದು ಕೆಮ್ಮಿದರು. ಅಷ್ಟರಲ್ಲಿ ಕಾಕು ಮೈಕನ್ನು ತಮ್ಮತ್ತ ಎಳೆದುಕೊಂಡರು. ಮೈಕು ಒಮ್ಮೆ ಕಿರ್ರೆಂದಿತು, ಆಮೇಲೆ ಕಾಕುವಿನ ಮಾತು ಕೇಳಿತು.

"ಟಾಕಿ ಮೇಲಿನ ಓಣ್ಯಾಗ ಆಗಬೇಕು. ಹೂಂ ಅನ್ನೋರು ಕೈ ಎತ್ರಿ."

ಹಿಂದಿನ ಸಾಲುಗಳಲ್ಲಿ ಬಳೆಗಳೆಲ್ಲ ಒಮ್ಮೆಗೇ ಜಾರಿ ಸದ್ದು ಮಾಡಿದವು. ನಾನು ಎರಡೂ ಕೈ ಎತ್ತಿಬಿಟ್ಟೆ. ಎಣಿಸುತ್ತಿದ್ದ ಕಾರ್ಯದರ್ಶಿ ಕಣ್ಣು ಬಿಟ್ಟ ಮೇಲೆ ಒಂದನ್ನು ಇಳಿಸಿದೆ.

"ಅಲ್ಲ, ನಾ ಹೇಳೋದೇನಂದ್ರ..." ಎಂದರು ಕಾಕಾ.

"ಹೇಳ್ರಿ," ಎಂದರು ಕಾಕು, ಬಲು ಮರ್ಯಾದೆಯಿಂದ. "ಆದ್ರ ಕೆಳಗ ಮಂದ್ಯಾಗ ಕುಂತು, ಕೈ ಎತ್ತಿ ಕೇಳ್ರಿ."

ಕಾಕಾ ಇಳಿದು ಹೋಗಿ ಕುಳಿತು, ಮುಖ ಸಣ್ಣದು ಮಾಡಿ ಕೈ ಎತ್ತಿದರು. ಎಣಿಕೆ ಇನ್ನೂ ಮುಗಿದಿರಲಿಲ್ಲ. ಕಾರ್ಯದರ್ಶಿ ಆ ಕೈಯನ್ನೂ ಮೇಲಿನ ಓಣಿಯ ಲೆಕ್ಕಕ್ಕೇ ಸೇರಿಸಿದರು.