ಚಪ್ಪಲಿ ಕಾಯಲು ಕೂತಿದ್ದ ಗೌರಿ

ಸ್ನೇಹಿತರೇ, ಹುಣಸೂರಿನ ನಮ್ಮ ವಿಶೇಷ ಮಕ್ಕಳ ಶಾಲೆಯಲ್ಲಿ ಇಂದು ತಮಟೆ ಪಾಠ. ಕಿವಿ ಕೇಳದ ಗೌರಿಯನ್ನು ಮುಖ್ಯೋಪಾಧ್ಯಾಯರು ಹೊರಗೆ ಚಪ್ಪಲಿ ಕಾಯಲು ಕೂರಿಸಿದ್ದರು!

"ಅವ್ಳಿಗೆ ಕೇಳಲ್ವಲ್ಲ ಮೇಡಂ, ಒಳಗ್ಯಾಕೆ?" ಎಂದರು ಅವರು.

ನಾನು ಗೌರಿಯ ಕೈ ಹಿಡಿದು ಒಳಗೆ ಕರೆತಂದೆ, ಅವಳ ಅಂಗೈಯನ್ನು ತಮಟೆಯ ಹಿಂಬದಿಗೆ ಒತ್ತಿದೆ. ಕಲಿಸಲು ಬಂದಿದ್ದ ಸಿದ್ದಣ್ಣ ಬಾರಿಸಿದರು. ಗೌರಿ ಮುಖ ಸಿಂಡರಿಸಿ, ತಮಟೆ ಕಿತ್ತುಕೊಂಡು ಹೋಗಿ ಬಿಸಿಯೂಟದ ಒಲೆಗೆ ಹಿಡಿದಳು. ಸುಟ್ಟೇಬಿಟ್ಟಳೆಂದು ನಾನು ಚೀರಿದೆ.

"ಬುಡಿ ಮೇಡಂ, ಚರ್ಮ ಸಡ್ಲ ಆಗೈತೆ, ಕಾಯ್ಸುದ್ರೆ ಬಿಗಿ ಆಯ್ತದೆ. ಬೆಳಿಗ್ಗೆ ನಾನು ಕಾಯ್ಸಿದ್ದ ನೋಡವ್ಳೆ. ನಂಗೇ ಗೊತ್ತಾಗ್ಲಿಲ್ಲ ಕಣ್ರೀ!" ಎಂದರು ಸಿದ್ದಣ್ಣ.

ಕಾದ ತಮಟೆಗೆ ಏಟು ಬಿದ್ದಾಗ ಗೌರಿ ಅದರ ಅಂಚಿಗೆ ಕೆನ್ನೆಯೊತ್ತಿ ನಕ್ಕಳು.

"ಆಗ್ಲೂ ಸದ್ದು ಇಂಗೇ ಇತ್ತಲ್ರೀ?" ಎಂದರು ಮುಖ್ಯೋಪಾಧ್ಯಾಯರು.

ನಾಳೆ ಚಪ್ಪಲಿ ಕಾಯಲು ಯಾರನ್ನು ಕೂರಿಸಬೇಕೆಂದು ಗೊತ್ತಾಯಿತಲ್ಲ?